ಬಾಯಿ ಮುರಿದ ಭರಣಿಯ ಮಣ್ಣು

ಏಪ್ರಿಲ್ 3, ಗುರುವಾರ

ಕುಂಡಗಳು ಖಾಲಿ ಇರಲಿಲ್ಲ ಎಂಬ ಕಥೆಯನ್ನು ಮೊದಲು ಹೇಳಿದವರು ಎದುರು ಮನೆಯ ಟೈಲರಮ್ಮ. ಹೇಳಿದ್ದು ಇವತ್ತು ಬೆಳಿಗ್ಗೆ ಏಳೂವರೆಗೆ. ಆ ಹೊತ್ತಿಗೆ ನಾನು ನಲವತ್ತೆರಡು ಕುಂಡಗಳ ಮಣ್ಣು ಸುರಿದು, ಕುಂಡಗಳನ್ನು ತೊಳೆದು, ಬಿಸಿಲಿಗೆ ಒಣಗಿಸಿ, ಅಳತೆಗೆ ತಕ್ಕಂತೆ ಒಂದರ ಮೇಲೊಂದು ಕವುಚಿಟ್ಟು, ಸೊಂಟದ ಮೇಲೆ ಕೈಯಿಟ್ಟು ನಿಂತು ನನ್ನ ಕೆಲಸವನ್ನು ನಾನೇ ಮೆಚ್ಚಿಕೊಳ್ಳುತ್ತಿದ್ದೆ.

ಅಕ್ಕನ ತಾರಸಿಗೂ ಅವರ ತಾರಸಿಗೂ ನಡುವೆ ಒಂದು ಕಿರಿದಾದ ಬೀದಿ, ಅಷ್ಟೆ. ಅವರು ಬಟ್ಟೆ ಒಣಹಾಕಲು ಬಂದಿದ್ದರು.

“ಸ್ಟೋರ್ ಸಾರ್, ಅಕ್ಕ ಮಲಗಿಸಿದ್ದ ಗಡ್ಡೆಗಳೆಲ್ಲ ಎಲ್ಲಿ?”

“ಯಾವ ಗಡ್ಡೆ?”

“ಆ ಕುಂಡಗಳಲ್ಲಿದ್ದವು.”

“ಅವುಗಳಲ್ಲಿ ಬರೀ ಮಣ್ಣಿತ್ತು ಕಣಮ್ಮ.”

ಹಿಂಡಿದ ಸೀರೆಯನ್ನು ಕೈಯಲ್ಲೇ ಹಿಡಿದುಕೊಂಡು ಅವರು ನನ್ನನ್ನು ಒಂದು ನಿಮಿಷ ನೋಡಿದರು. “ಮಣ್ಣಿನ ಮೇಲೆ ಏನೂ ಇರಲಿಲ್ಲ ಅನ್ನಿ. ಒಳಗೆ ನೋಡಿದ್ರಾ? ಬೇಸಿಗೆ ಬಂತು ಅಂದ್ರೆ ಅಕ್ಕ ನೀರು ನಿಲ್ಲಿಸಿಬಿಡ್ತಾರೆ. ಎಲೆ ಒಣಗಿ ಹೋಗುತ್ತೆ. ಗಡ್ಡೆ ಒಳಗೆ ಮಲಗಿರುತ್ತೆ. ಮಳೆಗಾಲ ಹತ್ತಿರ ಬಂದಾಗ ಒಂದೊಂದು ಲೋಟ ನೀರು ಕೊಟ್ಟು ಎಬ್ಬಿಸ್ತಾರೆ. ಆ ಹೂ ನೋಡೋಕೆ ಬೀದಿಯೋರೆಲ್ಲ ಇಲ್ಲಿಗೇ ಬರ್ತೀವಿ.”

“ನನಗೆ ಯಾರೂ ಹೇಳಲಿಲ್ಲವಲ್ಲ!”

“ಮಲಗಿರೋರ ಹೊದಿಕೆ ಎಳೀಬಾರದು ಅಂತ ಯಾರಾದ್ರೂ ಹೇಳಿಕೊಡ್ಬೇಕಾ ಸಾರ್?”

ಹೇಳಿದ್ದಳು, ಅಕ್ಕ ಹೇಳಿದ್ದಳು. ಮಂಡಿ ಆಪರೇಷನ್ನಿಗೆ ಹೊರಡುವ ಮುಂಚೆ ಅಡುಗೆಮನೆ ಗೋಡೆಗೆ ಚೀಟಿ ಅಂಟಿಸಿ ಹೋಗಿದ್ದಾಳೆ. ಅವಳ ಗುಂಡು ಗುಂಡಾದ ಅಕ್ಷರ: “ಕಳ್ಳಿಗಳಿಗೆ ಹದಿನೈದು ದಿನಕ್ಕೆ ಒಂದು ಲೋಟ. ಲೋಳೆಸರಕ್ಕೆ ವಾರಕ್ಕೆ ಅರ್ಧ ಲೋಟ. ಕತ್ತಾಳೆಗೆ ಏನೂ ಬೇಡ, ಹತ್ತಿರ ಹೋದರೆ ಚುಚ್ಚುತ್ತೆ. ಉಳಿದದ್ದಕ್ಕೆ ಏನೂ ಮಾಡಬೇಡ.”

ಏನೂ ಮಾಡಬೇಡ ಎಂದರೆ ಏನು ಮಾಡಬೇಕು ಎಂದು ನನಗೆ ಗೊತ್ತಾಗಲಿಲ್ಲ. ಮೂವತ್ತೊಂದು ವರ್ಷ ಬಣ್ಣದ ಕಾರ್ಖಾನೆಯ ಉಗ್ರಾಣ ನೋಡಿಕೊಂಡವನು ನಾನು. ಖಾಲಿ ಡಬ್ಬ ಕವುಚಿರಬೇಕು, ತುಂಬಿದ್ದು ನೆಟ್ಟಗಿರಬೇಕು. ಇದು ನಾನು ಮಾಡಿದ ನಿಯಮ. ಖಾಲಿ ಡಬ್ಬ ನೆಟ್ಟಗೆ ಕೂತಿದ್ದರೆ ಅದು ಸುಳ್ಳು ಹೇಳುತ್ತಿದೆ ಎಂದು ಹೊಸದಾಗಿ ಸೇರಿದವರಿಗೆಲ್ಲ ಪಾಠ ಮಾಡುತ್ತಿದ್ದೆ. ಇಲ್ಲಿ ಬಂದು ನೋಡಿದರೆ ಒಂದಲ್ಲ, ಎರಡಲ್ಲ, ನಲವತ್ತೆರಡು ಸುಳ್ಳುಗಳು ಸಾಲಾಗಿ ಕೂತಿದ್ದವು. ಕೈ ಸುಮ್ಮನಿರಲಿಲ್ಲ. ಮಣ್ಣು ಸುರಿಯುವಾಗ ಅಲ್ಲಲ್ಲಿ ಸಣ್ಣ ಈರುಳ್ಳಿಯಂಥವು ಕಂಡಿದ್ದೂ ನಿಜ. ಅಕ್ಕ ಅಡುಗೆಮನೆಯ ಕಸವನ್ನು ಕುಂಡಕ್ಕೆ ಹಾಕುತ್ತಾಳೆ ಎಂದುಕೊಂಡೆ.

ಇನ್ನೂ ಒಂದು ಇದೆ, ಅದನ್ನು ಟೈಲರಮ್ಮನಿಗೆ ಹೇಳಲಿಲ್ಲ. ಮಣ್ಣೆಲ್ಲ ಇಲ್ಲಿಲ್ಲ. ಮೂರು ಚೀಲ ಹಂಚಿಬಿಟ್ಟಿದ್ದೇನೆ. ಮೊದಲನೆಯದು ಮೂಲೆಯ ಸೈಕಲ್ ರಿಪೇರಿಯವನಿಗೆ, ಅಂಗಡಿ ಮುಂದಿನ ಹಳ್ಳ ಮುಚ್ಚಲು. ಎರಡನೆಯದು ಔಷಧಿ ಅಂಗಡಿಯ ಕಾಂಪೌಂಡರಿಗೆ, ಡ್ರಮ್ಮಿನಲ್ಲಿ ಮಲ್ಲಿಗೆ ಬಳ್ಳಿ ಹಾಕಲು. ಮೂರನೆಯದು ಬೀದಿಯ ಕೊನೆಯಲ್ಲಿ ಮನೆ ಕಟ್ಟುತ್ತಿರುವ ಮೇಸ್ತ್ರಿಗೆ. ಎಲ್ಲರೂ “ಎಂಥ ಮಣ್ಣು ಸಾರ್!” ಎಂದು ಹೊಗಳಿದ್ದರು. ನಾನು ಸಂಕೋಚಪಡುವವನಂತೆ ತಲೆ ತಗ್ಗಿಸಿದ್ದೆ.

ಅಕ್ಕ ಬರುವುದು ಮೇ 22ಕ್ಕೆ. ನಾನು ಮೇ 23ರ ಬೆಳಗಿನ ಬಸ್ಸಿಗೆ ಟಿಕೆಟ್ ಮಾಡಿಸಿಕೊಂಡೇ ಬಂದವನು. ಇನ್ನು ಐವತ್ತು ದಿನ.

ಏಪ್ರಿಲ್ 4, ಶುಕ್ರವಾರ

ತಾರಸಿಯ ಮೂಲೆಯಲ್ಲಿ ಉಳಿದಿದ್ದ ಗುಡ್ಡೆಯನ್ನು ಕೈಯಲ್ಲೇ ಕೆದಕಿದೆ. ಅರುವತ್ತೊಂದು ಗಡ್ಡೆ. ಒಂದೊಂದೂ ಹೆಬ್ಬೆರಳಿನಷ್ಟು, ಮೇಲೆ ಕಂದು ಸಿಪ್ಪೆ. ಎಲ್ಲ ಒಂದೇ ಥರ. ಯಾವುದು ಯಾವ ಕುಂಡದ್ದು? ಒಂದು ಕುಂಡಕ್ಕೂ ಚೀಟಿ ಇರಲಿಲ್ಲ. ಉಗ್ರಾಣದಲ್ಲಿ ಯಾರಾದರೂ ಹೀಗೆ ಚೀಟಿ ಇಲ್ಲದೆ ಮಾಲು ಇಟ್ಟಿದ್ದರೆ ಅವತ್ತೇ ಬರೆದು ಮೇಲಕ್ಕೆ ಕಳಿಸುತ್ತಿದ್ದೆ.

ಟೈಲರಮ್ಮ ಬುಟ್ಟಿಯೊಂದನ್ನು ಹಗ್ಗಕ್ಕೆ ಕಟ್ಟಿ ಎಸೆದು, “ಇದರಲ್ಲಿ ಇಡಿ. ಅಡುಗೆಮನೆ ಬುಟ್ಟಿ ಪಕ್ಕ ಇಡಬೇಡಿ ಸಾರ್, ಅಭ್ಯಾಸಬಲದಲ್ಲಿ ಹೆಚ್ಚಿಬಿಟ್ಟೀರಿ” ಎಂದರು.

ನಲವತ್ತೊಂಬತ್ತು ದಿನ.

ಏಪ್ರಿಲ್ 7, ಸೋಮವಾರ

ಸೈಕಲ್ ರಿಪೇರಿಯವನ ಹತ್ತಿರ ಹೋಗಿ, ಕೊಟ್ಟ ಮಣ್ಣು ವಾಪಸ್ ಬೇಕು ಎಂದೆ.

“ಅಲ್ಲಾ ಯಜಮಾನ್ರೇ, ಕೊಟ್ಟದ್ದು ನೀವೇ, ಕೇಳೋದೂ ನೀವೇ. ಹಳ್ಳ ಮುಚ್ಚಿ, ಮೇಲೆ ನೀರು ಹೊಡೆದು, ನಾನೇ ನಿಂತು ತುಳಿದಿದ್ದೀನಿ.”

“ತುಳಿದ್ಯಾ?”

“ಕುಣಿದೆ ಅನ್ನಿ.”

ವಿಷಯ ಹೇಳಿದೆ. ಅವನು ಪಂಪು ಕೆಳಗಿಟ್ಟ. ಈ ಬೀದಿಯಲ್ಲಿ ನಾನೊಬ್ಬನೇ ಅವಳಿಗೆ ತಮ್ಮ ಎಂದುಕೊಂಡಿದ್ದೆ. ತಪ್ಪು. ಇವನಿಗೂ ಅಕ್ಕ, ಕಾಂಪೌಂಡರಿಗೂ ಅಕ್ಕ, ಅವಳಿಗಿಂತ ಎರಡು ವರ್ಷಕ್ಕೆ ದೊಡ್ಡವರಾದ ಹಾಲಿನ ಅಂಗಡಿ ಅಜ್ಜನಿಗೂ ಅಕ್ಕ. “ಅಕ್ಕನ ಮಳೆಹೂ ಗಡ್ಡೆನಾ? ಮೊದಲೇ ಹೇಳಬಾರದಾ ಮಾರಾಯ್ರೇ!” ಎಂದು ಅವನೇ ಹಾರೆ ತಂದ. ಇಬ್ಬರೂ ಕುಕ್ಕರಗಾಲಲ್ಲಿ ಕೂತು ಬಗೆದೆವು. ಗಿರಾಕಿಗಳು ಬಂದು ಏನಾದರೂ ಚಿನ್ನ ಹೂತಿದ್ದಾರಾ ಎಂದು ಕೇಳಿದರು. ಮೂವತ್ತನಾಲ್ಕು ಸಿಕ್ಕಿದವು, ಏಳು ಜಜ್ಜಿಹೋಗಿದ್ದವು. ಎರಡಕ್ಕೆ ಹಾರೆಯೇ ತಗುಲಿತ್ತು.

ಹಾರೆ ತಗುಲಿದ್ದನ್ನು ಟೈಲರಮ್ಮ ಬೆಳಕಿಗೆ ಹಿಡಿದು ನೋಡಿ, “ಗಾಯ ಒಣಗೋ ತನಕ ನೆರಳಲ್ಲಿ ಸುಮ್ಮನೆ ಬಿಡಿ. ಬೂದಿ ಮುಟ್ಟಿಸಿ. ಹಸಿ ಗಾಯದಲ್ಲಿ ಮಣ್ಣಿಗೆ ಹಾಕಿದ್ರೆ ಕೊಳೆಯುತ್ತೆ, ಅಕ್ಕ ಹಂಗೇ ಮಾಡೋದು” ಎಂದರು.

ನಲವತ್ತಾರು.

ಏಪ್ರಿಲ್ 12, ಶನಿವಾರ

ಕಾಂಪೌಂಡರ ಡ್ರಮ್ಮಿನಲ್ಲಿ ನಲವತ್ತು ಸಿಕ್ಕಿದವು. ಮಲ್ಲಿಗೆ ಬಳ್ಳಿಯನ್ನು ಮೂರು ದಿನದ ಹಿಂದೆಯಷ್ಟೇ ನೆಟ್ಟಿದ್ದರು. ನಾನು ಕಿತ್ತು ಮತ್ತೆ ನೆಟ್ಟುಕೊಟ್ಟೆ. “ಬದುಕುತ್ತಾ?” ಎಂದು ಕೇಳಿದರು. ಬದುಕುತ್ತೆ ಎಂದೆ. ಔಷಧಿ ಕೊಡುವಾಗ ಅವರು ಹೇಳುವ ಹಾಗೆಯೇ ಹೇಳಿದೆ.

ಮಧ್ಯಾಹ್ನ ಅಕ್ಕನ ಫೋನು. ಆಪರೇಷನ್ ಚೆನ್ನಾಗಿ ಆಗಿದೆ, ಚಿಕ್ಕಪ್ಪನ ಮಗಳ ಮನೆಯಲ್ಲಿ ಗೋಡೆ ಹಿಡಿದು ಓಡಾಡುತ್ತಿದ್ದಾಳೆ. ಅದೂ ಇದೂ ಆದ ಮೇಲೆ ಕೇಳಿದಳು:

“ಚಿಕ್ಕೋನೇ, ಮೂಲೇಲಿ ಬಾಯಿ ಮುರಿದ ಭರಣಿ ಒಂದಿದೆಯಲ್ಲ, ಅದು ನೆರಳಲ್ಲೇ ಇದೆ ತಾನೆ?”

“ಇದೆ.”

“ಬಿಸಿಲು ಬಿದ್ರೆ ಸ್ವಲ್ಪ ಸರಿಸು. ಅದು ಅಮ್ಮಂದು.”

“ಭರಣಿ ಅಮ್ಮಂದಾ?”

“ಭರಣಿನೂ ಹೌದು, ಒಳಗಿನ ಗಡ್ಡೆನೂ ಹೌದು. ಅಮ್ಮ ಬಾಗಿಲ ಮುಂದೆ ನೆಟ್ಟಿದ್ದು. ಅವಳ ಸಾಮಾನಲ್ಲಿ ನಾನು ಕೇಳಿದ್ದು ಅದೊಂದೇ.”

ಭರಣಿ ನೆರಳಲ್ಲೇ ಇದೆ. ಅಡುಗೆಮನೆಯಲ್ಲಿದೆ. ಕಲ್ಲಿನ ಹಾಗೆ ಗಟ್ಟಿಯಾದ ಒಳ್ಳೆಯ ಭರಣಿ, ಮಣ್ಣು ತುಂಬಿ ಹಾಳು ಮಾಡಿದ್ದಾಳಲ್ಲ ಎಂದು ತೊಳೆದು ಅದಕ್ಕೆ ಉಪ್ಪು ತುಂಬಿಟ್ಟಿದ್ದೇನೆ.

ಇವತ್ತು ಎಷ್ಟು ದಿನ ಉಳಿದಿದೆ ಎಂದು ಎಣಿಸುವುದೂ ಬೇಡವಾಗಿದೆ. ನಲವತ್ತೊಂದು.

ಏಪ್ರಿಲ್ 13, ಭಾನುವಾರ

ನಾನು ಯಾವಾಗಲೂ ಚಿಕ್ಕದರಿಂದ ಶುರುಮಾಡಿ ದೊಡ್ಡದಕ್ಕೆ ಹೋಗುವವನು. ಭರಣಿಯೇ ಎಲ್ಲಕ್ಕಿಂತ ದೊಡ್ಡದು. ಕೊನೆಗೆ ಸುರಿದದ್ದು ಅದನ್ನೇ. ಕೊನೆಯ ಚೀಲ ಮೇಸ್ತ್ರಿಗೆ.

ಓಡಿದೆ. ಆ ಮನೆಯ ಮುಂದೆ ಮೂರು ಹೊಸ ಮೆಟ್ಟಿಲು. ಮೇಲೆ ಗೋಣಿತಾಟು ಹೊದಿಸಿ ನೀರು ಹಾಕುತ್ತಿದ್ದರು.

“ನಿಮ್ಮ ಮಣ್ಣಾ? ಮೆಟ್ಟಿಲ ಹೊಟ್ಟೆಗೆ ತುಂಬಿದ್ದೀನಿ ಸಾರ್. ಮೇಲೆ ಕಾಂಕ್ರೀಟ್ ಬಿತ್ತಲ್ಲ, ಶುಕ್ರವಾರ.”

ನಾನು ಮೆಟ್ಟಿಲನ್ನೇ ನೋಡುತ್ತ ನಿಂತಿದ್ದೆನಂತೆ. ಮೇಸ್ತ್ರಿ ಕುರ್ಚಿ ತಂದು ಕೂರಿಸಿದ. ಹೊರಡುವಾಗ ತನ್ನ ಮರಳು ಜರಡಿಯನ್ನು ಕೈಗೆ ಕೊಟ್ಟು, “ಉಳಿದ ಮಣ್ಣನ್ನಾದ್ರೂ ಇದರಲ್ಲಿ ಸೋಸಿ ನೋಡಿ. ಆಮೇಲೆ ಕೊಡೋರಂತೆ” ಎಂದ.

ಏಪ್ರಿಲ್ 19, ಶನಿವಾರ

ಮಣ್ಣು ಸೋಸಿದೆ. ಗಡ್ಡೆಗಿಂತ ಹೆಚ್ಚಾಗಿ ಬೇರೆ ಏನೇನೋ ಸಿಕ್ಕಿತು. ಒಂದು ಗುಂಡಿ, ಹಳೆಯ ಟೆಲಿಫೋನಿನ ತಂತಿಯ ತುಂಡು, ಒಡೆದ ಬಳೆ, ಬಳಪದ ಚೂರು. ಅಕ್ಕ ಮೂವತ್ತು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದಳು. ಊರಿಂದೂರಿಗೆ ವರ್ಗವಾದಾಗೆಲ್ಲ ಈ ಕುಂಡಗಳು ಲಾರಿ ಹತ್ತಿದವು. ಮಂಚ, ಬೀರು ಮಾರಿ ಹೋಗುತ್ತಿದ್ದಳು, ಕುಂಡ ಬಿಡುತ್ತಿರಲಿಲ್ಲ.

ಜರಡಿ ಆಡಿಸುತ್ತಿದ್ದಾಗ ಗಾಡಿ ನೆನಪಾಯಿತು. ಅಮ್ಮ ಹೋದ ಮೇಲೆ ಅಪ್ಪ ನಮ್ಮಿಬ್ಬರನ್ನೂ ಸೋದರತ್ತೆಯ ಮನೆಗೆ ಕಳಿಸಿದ ಗಾಡಿ. ನನಗೆ ನಾಲ್ಕು, ಅಕ್ಕನಿಗೆ ಹನ್ನೊಂದು. ಅಮ್ಮನ ಮುಖ ನನಗೆ ನೆನಪಿಲ್ಲ, ಅವಳದ್ದು ಅಂತ ಏನೂ ನೆನಪಿಲ್ಲ, ಇದನ್ನು ಎಷ್ಟೋ ಸಲ ಬರೆದಿದ್ದೇನೆ. ಆದರೆ ಆ ಗಾಡಿ ಚೆನ್ನಾಗಿ ನೆನಪಿದೆ, ಯಾಕೆಂದರೆ ದಾರಿಯುದ್ದಕ್ಕೂ ಅಳುತ್ತಿದ್ದೆ. ಅಕ್ಕನ ತೊಡೆಯ ಮೇಲೆ ಕೂರಬೇಕಿತ್ತು ನನಗೆ. ಆ ಜಾಗದಲ್ಲಿ ಒಂದು ಭರಣಿ ಕೂತಿತ್ತು.

“ಅದನ್ನ ಕೆಳಗಿಡು.”

“ಇಡಲ್ಲ. ನೀನು ನಡೀಬಲ್ಲೆ, ಇದು ನಡೆಯಲ್ಲ.”

ಅದರಲ್ಲಿ ಉಪ್ಪಿನಕಾಯಿ ಇದೆ ಎಂದುಕೊಂಡಿದ್ದೆ. ಅತ್ತೆಯ ಮನೆ ಮುಟ್ಟಿ ಎಷ್ಟೋ ದಿನ ಊಟದ ಹೊತ್ತಿಗೆ ಕಾಯುತ್ತಿದ್ದೆ, ಉಪ್ಪಿನಕಾಯಿ ಬಡಿಸುತ್ತಾಳೆ ಎಂದು. ಬಡಿಸಲಿಲ್ಲ. ಆ ಭರಣಿಯ ಮೇಲೆ ನನಗೆ ಸಿಟ್ಟಿತ್ತು. ಅಷ್ಟು ವರ್ಷ ಬಿಟ್ಟು ಅದೇ ಭರಣಿಯನ್ನು ಕವುಚಿದ್ದೇನೆ, ಗುರುತೂ ಹಿಡಿಯದೆ.

ಏಪ್ರಿಲ್ 27, ಭಾನುವಾರ

ಅಕ್ಕನ ಫೋನು. ಭರಣಿ ಹೇಗಿದೆ ಎಂದಳು. ಚೆನ್ನಾಗಿದೆ ಎಂದೆ.

ಮೇ 2, ಶುಕ್ರವಾರ

ಗಾಯ ಒಣಗಿದ ಗಡ್ಡೆಗಳ ತುದಿಗೆ ಕಾರ್ಕಿನಂಥ ಪದರ ಬಂದಿದೆ. ಮುಟ್ಟಿದರೆ ಗರಗರ ಎನ್ನುತ್ತದೆ. ಇವತ್ತು ಎಲ್ಲವನ್ನೂ ಕುಂಡಗಳಿಗೆ ಹಾಕಿದೆ. ಕೆಳಗೆ ಹೆಂಚಿನ ಚೂರು, ಆಮೇಲೆ ಮರಳು, ಆಮೇಲೆ ಮಣ್ಣು, ಗಡ್ಡೆಯ ಕುತ್ತಿಗೆ ಮೇಲೆ ಕಾಣುವಷ್ಟು. ನೀರಿಲ್ಲ. ಕೊಳೆತವನ್ನು ಬಿಟ್ಟು ಎಣಿಸಿದರೆ ನೂರ ಇಪ್ಪತ್ತಾರು ಗಡ್ಡೆ, ನಲವತ್ತೊಂದು ಕುಂಡ. ನಲವತ್ತೆರಡನೆಯದು ಅಡುಗೆಮನೆಯಲ್ಲಿ ಉಪ್ಪು ಹೊತ್ತು ಕೂತಿದೆ.

ಚೀಟಿ ಬರೆಯಲು ಕೂತೆ. ಏನು ಬರೆಯಲಿ? ಬರೆಯಲಿಲ್ಲ.

ನನ್ನಾಕೆ ಹೋಗಿ ಆರು ವರ್ಷ. ಅವಳೂ ಹೀಗೆಯೇ ಡಬ್ಬಗಳ ಮೇಲೆ ಏನೂ ಬರೆಯುತ್ತಿರಲಿಲ್ಲ. “ಕೈಗೆ ಗೊತ್ತಿರುತ್ತೆ, ನಿಮ್ಮ ಚೀಟಿ ಯಾರಿಗೆ ಬೇಕು” ಅನ್ನುತ್ತಿದ್ದಳು. ಅವಳು ಹೋದ ಮೇಲೆ ಎಲ್ಲಕ್ಕೂ ಚೀಟಿ ಅಂಟಿಸಿದೆ. ಅಂಟಿಸಿದ ಮೇಲೆ ಅಡುಗೆಮನೆ ಬೇರೆ ಯಾರದೋ ಆಯಿತು.

ಮೇ 11, ಭಾನುವಾರ

ಬಿಸಿಲು ತಲೆ ಸೀಳುವ ಹಾಗಿದೆ. ಕಳ್ಳಿಗಳು ಸೊರಗಿ, ಮೈಯ ಏಣುಗಳು ಒಳಕ್ಕೆ ಹೋಗಿ, ಮುದುಕರ ಪಕ್ಕೆಲುಬಿನಂತಾಗಿವೆ. ನೀರು ಕೊಡೋಣವೇ ಎನ್ನಿಸಿತು. ಚೀಟಿಯಲ್ಲಿ ಹದಿನೈದು ದಿನ ಅಂತಿದೆ, ಇವತ್ತು ಹನ್ನೊಂದನೆಯದು. ಕೊಡಲಿಲ್ಲ. ತಾರಸಿಯ ನೀರಿನ ಟ್ಯಾಂಕಿನ ನೆರಳಿನಲ್ಲಿ ಕುರ್ಚಿ ಹಾಕಿಕೊಂಡು ಸುಮ್ಮನೆ ಕೂತೆ. ಎದ್ದಾಗ ಹನ್ನೆರಡು. ಎರಡು ಗಂಟೆ ಏನೂ ಮಾಡದೆ ಕೂತಿದ್ದೆನೆಂದು ಆಮೇಲೆ ಗೊತ್ತಾಯಿತು.

ಟೈಲರಮ್ಮ ಆಚೆಯಿಂದ, “ಏನ್ ಸಾರ್, ನೀವೂ ಮಲಗಿಬಿಟ್ರಾ? ನೀರು ಹಾಕಿ ಎಬ್ಬಿಸಲಾ?” ಎಂದರು.

ಒಂದು ಕಾಲದಲ್ಲಿ ಅಕ್ಕ ಶಾಲೆಯಿಂದ ಬಂದು ಹೀಗೇ ಕೂರುತ್ತಿದ್ದಳು, ಅತ್ತೆಯ ಮನೆಯ ಹಿತ್ತಿಲ ಕಲ್ಲಿನ ಮೇಲೆ. “ಏನ್ ಮಾಡ್ತಿದ್ದೀಯಾ?” ಎಂದರೆ, “ನೋಡ್ತಿದ್ದೀನಿ.” “ಏನನ್ನ?” “ಏನೂ ಕಾಣ್ತಿಲ್ಲ, ಅದಕ್ಕೆ ನೋಡ್ತಿದ್ದೀನಿ.” ನಾನು ಅವಳ ತಲೆ ಕೆಟ್ಟಿದೆ ಎಂದು ಅತ್ತೆಗೆ ಚಾಡಿ ಹೇಳಿದ್ದೆ. ಅತ್ತೆ ನನಗೇ ಎರಡು ಬಾರಿಸಿದ್ದರು.

ಮೇ 20, ಮಂಗಳವಾರ

ಕಾಂಪೌಂಡರು ಸಂಜೆ ಬಂದಿದ್ದರು. ಮಲ್ಲಿಗೆ ಚಿಗುರಿದೆಯಂತೆ. ಹೇಳಿ, ಕನ್ನಡಕ ಒರೆಸಿಕೊಳ್ಳುತ್ತ, “ಅಕ್ಕನಿಗೆ ಹೇಳ್ಬಿಟ್ರಾ?” ಎಂದರು.

“ಇಲ್ಲ.”

“ಹೇಳಲೇಬೇಕು ಅಂತೇನೂ ಇಲ್ಲ ನೋಡಿ. ಒಂದು ಒಳ್ಳೇ ಗಡ್ಡೆ ತೆಗೆದು ಆ ಭರಣಿಗೆ ಹಾಕಿಬಿಡಿ. ಎಲ್ಲ ಒಂದೇ ಥರ ಇವೆ. ವಯಸ್ಸಾದೋರು, ಆಪರೇಷನ್ ಆಗಿದೆ. ಯಾಕೆ ನೋವು ಕೊಡೋದು?”

ಅವರು ಹೋದ ಮೇಲೆ ಉಪ್ಪು ಬೇರೆ ಡಬ್ಬಕ್ಕೆ ಸುರಿದೆ. ಭರಣಿಯನ್ನು ತಾರಸಿಗೆ ಒಯ್ದೆ. ಒಂದು ಕುಂಡದಿಂದ ದಪ್ಪದೊಂದು ಗಡ್ಡೆ ತೆಗೆದು ಕೈಯಲ್ಲಿ ಹಿಡಿದು ಕೂತೆ. ಕತ್ತಲಾಗುವ ತನಕ ಕೂತಿದ್ದು, ಗಡ್ಡೆಯನ್ನು ವಾಪಸ್ ಅದರ ಜಾಗದಲ್ಲೇ ಇಟ್ಟೆ. ಭರಣಿ ಖಾಲಿ. ಕವುಚಲೂ ಮನಸ್ಸಾಗಲಿಲ್ಲ. ನೆಟ್ಟಗೇ ಬಿಟ್ಟು ಕೆಳಗಿಳಿದೆ.

ಮೇ 22, ಗುರುವಾರ

ಅಕ್ಕ ಬಂದಳು. ಕಾರಿನಿಂದ ಇಳಿದು ಕೋಲು ಊರಿಕೊಂಡು, ಯಾರ ಕೈಯನ್ನೂ ಹಿಡಿಯದೆ ಒಳಗೆ ಬಂದಳು. ಸಣ್ಣಗಾಗಿದ್ದಾಳೆ. ಸಂಜೆಗೆ ಟೈಲರಮ್ಮ, ಸೈಕಲ್ಲಿನವನು, ಕಾಂಪೌಂಡರು, ಮೂವರೂ ನೋಡಲು ಬಂದರು. ಎಲ್ಲರಿಗೂ ಟೀ ಮಾಡಿ ತಂದಿಟ್ಟೆ. ಮೂವರೂ ನನ್ನ ಮುಖವನ್ನೇ ನೋಡುತ್ತಿದ್ದರು. ಮದುವೆ ಮಾತುಕತೆಗೆ ಬಂದವರ ಹಾಗೆ ಯಾರೂ ಲೋಟ ಎತ್ತಲಿಲ್ಲ.

ನಿಂತುಕೊಂಡೇ ಎಲ್ಲ ಹೇಳಿದೆ. ಡಬ್ಬ ಕವುಚುವ ನಿಯಮದಿಂದ ಹಿಡಿದು ಮೆಟ್ಟಿಲಿನವರೆಗೆ. ನಡುವೆ ಸೈಕಲ್ಲಿನವನು “ನಾನೂ ತುಳಿದೆ ಅಕ್ಕ” ಎಂದು ತಪ್ಪು ಹಂಚಿಕೊಳ್ಳಲು ನೋಡಿದ. ಅಕ್ಕ ಕೈಯೆತ್ತಿ ಅವನನ್ನು ಸುಮ್ಮನಾಗಿಸಿದಳು.

ಹೇಳಿ ಮುಗಿಸಿದೆ. ಅವಳು ಕೇಳಿದ ಮೊದಲ ಮಾತು:

“ಭರಣಿಗೆ ಉಪ್ಪು ಹಾಕಿದ್ಯಾ?”

“ಹ್ಞೂಂ.”

“ಉಪ್ಪು! ಗಿಡ ಇದ್ದ ಭರಣಿಗೆ ಉಪ್ಪು! ಹತ್ತು ಸಲ ತೊಳೆದ್ರೂ ಹೋಗಲ್ಲ ಕಣೋ ಮುಠ್ಠಾಳ. ಇನ್ನೇನು ಹಾಕೋದು ಅದಕ್ಕೆ, ನಿನ್ನ ತಲೇನಾ?”

ಟೈಲರಮ್ಮ ಸೆರಗು ಬಾಯಿಗೆ ಒತ್ತಿಕೊಂಡರು.

“ಏನೋ ಆಗಿದೆ ಅಂತ ಅವತ್ತೇ ಗೊತ್ತಾಯ್ತು. ‘ಇದೆ’ ಅನ್ನೋಕೆ ಅಷ್ಟು ಹೊತ್ತು ತಗೊಂಡ್ಯಲ್ಲ. ಮೂವತ್ತು ವರ್ಷ ಬೇರೆಯೋರ ಫೋನು ಜೋಡಿಸಿದೋಳು ನಾನು. ಲೈನಲ್ಲಿ ಯಾರು ಉಸಿರು ಹಿಡ್ಕೊಂಡಿದ್ದಾರೆ ಅಂತ ಗೊತ್ತಾಗಲ್ವಾ?”

“ಅಮ್ಮನ ಗಡ್ಡೆ ಹೋಯ್ತಲ್ಲ ಅಕ್ಕ.”

“ಗಡ್ಡೆ ಎಲ್ಲಿಗೆ ಹೋಗುತ್ತೆ? ಅಮ್ಮ ನೆಟ್ಟಿದ್ದು ಎಂದೋ ಕರಗಿಹೋಯ್ತು. ಅದರ ಮಗ್ಗುಲಲ್ಲಿ ಮರಿ ಬಂತು, ಮರಿಗೆ ಮರಿ ಬಂತು. ಐವತ್ತೊಂಬತ್ತು ವರ್ಷದಿಂದ ಬಿಡಿಸಿ ಬಿಡಿಸಿ ಬೇರೆ ಕುಂಡಕ್ಕೆ ಹಾಕ್ತಾ ಬಂದಿದ್ದೀನಿ. ಮೇಲಿರೋ ನಲವತ್ತರಲ್ಲಿ ಮೂವತ್ತು ಅದರದ್ದೇ ಸಂತಾನ. ನೀನು ಕೆದಕಿ ಕೆದಕಿ ತೆಗೆದದ್ದೆಲ್ಲ ಅದೇ ಕಣೋ.”

ಸೈಕಲ್ಲಿನವನು ಆಗ ಟೀ ಲೋಟ ಎತ್ತಿಕೊಂಡ. ಎಲ್ಲ ಮುಗಿಯಿತು, ಸದ್ಯ, ಎಂದು ನಾನೂ ಕೂತೆ.

ಆದರೆ ಅಕ್ಕ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಿದ್ದಳು. ಸುತ್ತಿ, ಬಿಚ್ಚಿ, ಮತ್ತೆ ಸುತ್ತಿದಳು.

“ಮಣ್ಣು ಹೋಯ್ತು” ಎಂದಳು. “ಆ ಭರಣೀಲಿ ಮಾತ್ರ ನಾನು ಮಣ್ಣು ಬದಲಾಯಿಸಿರಲಿಲ್ಲ. ಗೊಬ್ಬರ ಹಾಕ್ತಿದ್ದೆ, ಬದಲಾಯಿಸಿರಲಿಲ್ಲ. ಗಾಡಿ ಹತ್ತೋ ಮುಂಚೆ ಆ ಮನೆ ಬಾಗಿಲ ಮುಂದಿಂದ ಬೊಗಸೇಲಿ ತುಂಬಿದ್ದು. ಆ ಮನೆ ಈಗಿಲ್ಲ. ಬಾಗಿಲೂ ಇಲ್ಲ. ಅಮ್ಮ ಓಡಾಡಿದ ಮಣ್ಣು ಅಂತ ಇದ್ದದ್ದು ಅದೊಂದೇ.”

ಅವಳ ಕಣ್ಣಲ್ಲಿ ನೀರು ಬಂದದ್ದನ್ನು ನಾನು ನನ್ನ ಜೀವಮಾನದಲ್ಲಿ ಎರಡನೆಯ ಸಲ ನೋಡಿದೆ. ಮೊದಲನೆಯದು ನನ್ನಾಕೆ ಹೋದಾಗ.

ಏನಾದರೂ ಹೇಳಬೇಕಿತ್ತು ನನಗೆ. ಬಾಯಿಗೆ ಬಂದದ್ದನ್ನು ಹೇಳಿದೆ:

“ಆ ಗಿಡದ ಮೇಲೆ ನೀನು ನನ್ನ ಕಾಲು ತೊಳೀತಿದ್ದೆ ಅಲ್ವಾ ಅಕ್ಕ? ಬಾಗಿಲ ಪಕ್ಕ ಒಂದು ಚಪ್ಪಡಿ ಇತ್ತು. ನನ್ನ ಅದರ ಮೇಲೆ ನಿಲ್ಲಿಸಿ ಚೊಂಬಿಂದ ನೀರು ಬಿಡ್ತಿದ್ದೆ. ನೀರು ಹಂಗೇ ಗಿಡಕ್ಕೆ ಹೋಗ್ತಿತ್ತು. ‘ಅಲ್ಲಾಡಬೇಡ, ಅದರ ಪಾಲು ಆಚೆ ಹೋಗುತ್ತೆ’ ಅಂತಿದ್ದೆ. ಬೆರಳ ಸಂದೀಲಿ ಕಚಗುಳಿ ಆಗಿ ನಾನು ಕುಣೀತಿದ್ದೆ. ಕೈ ಒರಟಾಗಿತ್ತು.”

ಅಕ್ಕ ನನ್ನನ್ನೇ ನೋಡುತ್ತಿದ್ದಳು.

“ನಾನಲ್ಲ.”

“ನೀನೇ. ಬಳೆ ಶಬ್ದ ಕೂಡ ನೆನಪಿದೆ.”

“ಹನ್ನೊಂದು ವರ್ಷದ ಹುಡುಗಿ ನಾನು, ನನ್ನ ಕೈ ಒರಟಾಗಿರುತ್ತೇನೋ? ಆಗ ನನಗೆ ಬಳೆನೂ ಇರಲಿಲ್ಲ. ಅತ್ತೆ ಮನೇಲಿ ನಲ್ಲಿ ಇತ್ತು, ಕಾಲು ತೊಳೆದ ನೀರನ್ನ ಗಿಡಕ್ಕೆ ಹಿಡಿಯೋ ಗತಿ ಅಲ್ಲಿ ಯಾರಿಗಿತ್ತು? ಆ ಚಪ್ಪಡಿ ಇದ್ದದ್ದು ನಮ್ಮನೇಲಿ.” ಬೆರಳಿಗೆ ಸುತ್ತಿದ್ದ ಸೆರಗು ಬಿಚ್ಚಿ, “ಅದು ಅಮ್ಮ ಕಣೋ” ಎಂದಳು.

“ನನಗೆ ಅಮ್ಮ ನೆನಪಿಲ್ಲ.”

“ಇಷ್ಟೊತ್ತು ಹೇಳಿದ್ದು ಯಾರನ್ನ ಮತ್ತೆ?”

ಕಾಂಪೌಂಡರು ಎದ್ದು ಕಿಟಕಿಯ ಹತ್ತಿರ ಹೋಗಿ ನಿಂತರು. ಅಕ್ಕ ಮತ್ತೆ ಮತ್ತೆ ಕೇಳಿದಳು. ಇನ್ನೊಂದು ಸಲ ಹೇಳು, ನೀರು ಬಿಡುವಾಗ ಏನಂತಿದ್ದಳು? ಅದರ ಪಾಲು ಅಂತಿದ್ದಳಾ? ಹಂಗೇ ಅಂತಿದ್ದಳಾ? ಆ ಮಾತು ಅವಳಿಗೆ ಮರೆತೇ ಹೋಗಿತ್ತಂತೆ. ನಾನು ನಾಲ್ಕು ಸಲ ಹೇಳಿದೆ. ನಾಲ್ಕನೆಯ ಸಲ ಹೇಳುವಾಗ ಚಪ್ಪಡಿ ತಣ್ಣಗಿತ್ತು ಎನ್ನುವುದೂ ನೆನಪಾಯಿತು.

ಎಲ್ಲರೂ ಹೊರಡುವಾಗ ಅಕ್ಕ ನನ್ನ ಕೈಲಿ ಕುಂಡಗಳಿಂದ ಗಡ್ಡೆಗಳನ್ನು ತೆಗೆಸಿ ತರಿಸಿ, ಒಬ್ಬೊಬ್ಬರಿಗೂ ಮೂರು ಮೂರು ಕೊಟ್ಟಳು. “ನಾನು ದಿನಾ ತಾರಸಿ ಹತ್ತೋಕಾಗಲ್ಲ ಇನ್ನು. ಹೂ ನೋಡೋಕೆ ಇಷ್ಟು ವರ್ಷ ನೀವು ಬಂದ್ರಿ. ಈ ಸಲ ನಾನು ನಿಮ್ಮನೆಗೆ ಬರ್ತೀನಿ. ಮೋಡ ಕಟ್ತಾ ಇದೆ, ನಾಳೆಯಿಂದ ನೀರು ಕೊಡಬಹುದು. ಒಂದೇ ಲೋಟ.”

ಅವರು ಹೋದ ಮೇಲೆ, “ನಾಳೆ ಬೆಳಿಗ್ಗೆ ಬಸ್ಸಲ್ವಾ ನಿಂದು?” ಎಂದಳು.

“ಮೇಸ್ತ್ರಿಗೆ ಜರಡಿ ವಾಪಸ್ ಕೊಟ್ಟಿಲ್ಲ ಇನ್ನೂ” ಎಂದೆ.

ಅವಳು ಹ್ಞೂಂ ಎಂದು ದೀಪ ಆರಿಸಿದಳು.

ಮೇ 23, ಶುಕ್ರವಾರ

ನಿನ್ನೆ ಕಥೆ ಕೇಳಿದವರು ಇವತ್ತು ಬೆಳಿಗ್ಗೆ ಏನೇನು ಮಾಡಿದರು ಎಂದು ಬರೆದಿಡುತ್ತೇನೆ.

ಸೈಕಲ್ಲಿನವನು ಹಳೆಯ ಲಾರಿ ಟಯರೊಂದನ್ನು ಅಂಗಡಿ ಮುಂದೆ ಮಲಗಿಸಿ, ಮಣ್ಣು ತುಂಬಿ, ಗಡ್ಡೆ ಹಾಕಿದ. ಅದರ ಸುತ್ತ ನಾಲ್ಕು ಸ್ಟ್ಯಾಂಡು ನಿಲ್ಲಿಸಿದ, ಯಾರೂ ತುಳಿಯಬಾರದೆಂದು. ಕಾಂಪೌಂಡರು ಎರಡು ಗಡ್ಡೆಯನ್ನು ಮಲ್ಲಿಗೆಯ ಬುಡದಲ್ಲಿ ಹಾಕಿ, ಮೂರನೆಯದನ್ನು ಕುಂಡದಲ್ಲಿ ಹಾಕಿ, ಔಷಧಿ ಚೀಟಿ ಅಂಟಿಸಲು ಹೊರಟು, ಏನು ಬರೆಯಬೇಕೆಂದು ತಿಳಿಯದೆ ಖಾಲಿ ಚೀಟಿಯನ್ನೇ ಅಂಟಿಸಿದರು. ಟೈಲರಮ್ಮ ಬಾಗಿಲ ಪಕ್ಕ ಒಂದು ಇಟ್ಟಿಗೆ ಇಟ್ಟು, ಅದರ ಮೇಲೆ ನಿಂತು, ಒಂದು ಕೈಲಿ ಗೋಡೆ ಹಿಡಿದು ಇನ್ನೊಂದು ಕೈಲಿ ಚೊಂಬು ಬಗ್ಗಿಸಿ, ತಮ್ಮ ಕಾಲನ್ನು ತಾವೇ ತೊಳೆದುಕೊಳ್ಳುತ್ತಿದ್ದರು. ಬೀಳುವ ಹಾಗಿದ್ದರು. ನನ್ನನ್ನು ಕಂಡು, “ಏನ್ ನೋಡ್ತೀರಾ ಸಾರ್, ನಿಮ್ಮ ಕೆಲಸ ನೋಡಿಕೊಳ್ಳಿ” ಎಂದರು.

ನಾನು ಜರಡಿ ತೆಗೆದುಕೊಂಡು ಹೊರಟಿದ್ದೆ. ಅಕ್ಕ “ತಾಳು, ನಾನೂ ಬರ್ತೀನಿ” ಎಂದಳು. ಅಷ್ಟು ದೂರ ಬೇಡ ಎಂದೆ. ಕೇಳಲಿಲ್ಲ. ಬೀದಿಯ ಕೊನೆ ಮುಟ್ಟಲು ಇಪ್ಪತ್ತು ನಿಮಿಷ ಹಿಡಿಯಿತು.

ಆ ಮನೆಗೆ ಬಾಗಿಲು ಕೂರಿಸುತ್ತಿದ್ದರು. ಅಕ್ಕ ಮೆಟ್ಟಿಲ ಮುಂದೆ ನಿಂತು ಚಪ್ಪಲಿ ಬಿಟ್ಟಳು. ಕೋಲನ್ನು ನನಗೆ ಕೊಟ್ಟಳು. ಹೊಸ ಮಂಡಿಯ ಕಾಲನ್ನು ಮೊದಲ ಮೆಟ್ಟಿಲ ಮೇಲಿಟ್ಟು, ಸ್ವಲ್ಪ ಹೊತ್ತು ಹಾಗೇ ಇದ್ದು, ಇನ್ನೊಂದನ್ನು ಎತ್ತಿ ಪಕ್ಕಕ್ಕಿಟ್ಟಳು. ಎರಡನೆಯದು. ಮೂರನೆಯದು. ಮೇಲೆ ನಿಂತು ಬರಿಗಾಲನ್ನು ಒಮ್ಮೆ ಒತ್ತಿ ನೋಡಿದಳು.

ಮೇಸ್ತ್ರಿ ಕರಣೆ ಹಿಡಿದುಕೊಂಡೇ ಓಡಿ ಬಂದ. “ಏನಮ್ಮ? ಏನಾದ್ರೂ ಸಡಿಲ ಆಗಿದೆಯಾ?”

“ಏನಿಲ್ಲಪ್ಪ” ಎಂದಳು ಅಕ್ಕ. “ಮಣ್ಣು ಚೆನ್ನಾಗಿ ಕೂತಿದೆಯಾ ಅಂತ ನೋಡ್ದೆ.”